ಪರಿಚಿತ ನಾಡಿಗೆ ಪೂರ್ಣ ಬೆಲೆ

ಒಂದು ಕೃತಿಯ ಉತ್ತರಭಾಗಕ್ಕೆ ಮೊದಲ ಭಾಗದಷ್ಟೇ, ಅಥವಾ ಅದಕ್ಕಿಂತಲೂ ಹೆಚ್ಚಿನ, ಬೆಲೆ ಕೇಳುವುದು ನ್ಯಾಯವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವ್ಯಾಪಾರದ್ದಾಗಿ ಕಂಡರೂ ಅದರೊಳಗೆ ಎರಡು ಹಳೆಯ ತಾತ್ತ್ವಿಕ ಪ್ರಶ್ನೆಗಳಿವೆ. ಮೊದಲೇ ತಿಳಿದಿರುವ ವಸ್ತುವಿನಲ್ಲಿ ಹೊಸತನವು ಯಾವ ಬಗೆಯಲ್ಲಿ ಇರಬಲ್ಲುದು ಎಂಬುದು ಒಂದು; ಮಾರುವವನು ನ್ಯಾಯವಾಗಿ ಯಾವುದಕ್ಕೆ ಹಣ ಪಡೆಯಬಹುದು ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸದೆ ಚರ್ಚಿಸುವುದರಿಂದ, ವಿಡಿಯೋ ಗೇಮುಗಳ ವಿಷಯದಲ್ಲಿ ಈ ವಾದ ನಕ್ಷೆಯ ವಿಸ್ತಾರವನ್ನೂ ಆಟದ ಗಂಟೆಗಳನ್ನೂ ಎಣಿಸುವಲ್ಲಿಗೆ ಬಂದು ನಿಲ್ಲುತ್ತದೆ.

ಜಪಾನಿನ ನಿಂಟೆಂಡೊ ಸಂಸ್ಥೆಯ ‘ಝೆಲ್ಡಾ’ ಸರಣಿ ಇದಕ್ಕೆ ತಕ್ಕ ನಿದರ್ಶನ. 2017ರ ಮಾರ್ಚಿನಲ್ಲಿ ಬಂದ ‘ಬ್ರೆತ್ ಆಫ್ ದ ವೈಲ್ಡ್’ ಅಮೆರಿಕದಲ್ಲಿ 59.99 ಡಾಲರಿಗೆ ಮಾರಾಟವಾಯಿತು. ನೂರು ವರ್ಷಗಳ ನಿದ್ದೆಯಿಂದೆದ್ದ ಲಿಂಕ್ ಎಂಬ ನಾಯಕನು ಹೈರೂಲ್ ಎಂಬ ಪಾಳುಬಿದ್ದ ರಾಜ್ಯವನ್ನು ತನಗೆ ಬೇಕಾದ ದಿಕ್ಕಿನಿಂದ ಸುತ್ತಬಹುದಾದ ಆಟ ಅದು. ಅದರ ಉತ್ತರಭಾಗವಾದ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಅದೇ ಹೈರೂಲಿನ ಬೆಟ್ಟ, ಹೊಳೆ, ಹಳ್ಳಿಗಳನ್ನು ಉಳಿಸಿಕೊಂಡು, ಅದೇ ‘ಸ್ವಿಚ್’ ಎಂಬ ಆಟದ ಯಂತ್ರಕ್ಕಾಗಿ, 2023ರ ಮೇ 12ರಂದು 69.99 ಡಾಲರಿಗೆ ಹೊರಬಂದಿತು. ಮೊದಲ ಆಟಕ್ಕೆ ಹೆಚ್ಚುವರಿ ಭಾಗಗಳಾಗಿ ಹೊಳೆದ ವಿಚಾರಗಳೇ ಬೆಳೆದು ಹೊಸ ಆಟವಾದವೆಂದು ನಿರ್ಮಾಪಕ ಐಜಿ ಅವೊನುಮಾ ಅವರೇ ಹೇಳಿದ್ದರಿಂದ, ಸೇರ್ಪಡೆಯೊಂದನ್ನು ಪೂರ್ಣ ಬೆಲೆಗೆ ಮಾರಲಾಗುತ್ತಿದೆಯೇ ಎಂಬ ಶಂಕೆ ಹುಟ್ಟಿದರೆ ಅದು ಸಹಜ. ಮೊದಲ ಮೂರು ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ಆದರೆ ಎಷ್ಟು ಜನ ಕೊಂಡರೆಂಬುದು ಬೆಲೆ ನ್ಯಾಯವಾದದ್ದೆಂಬುದಕ್ಕೆ ಪ್ರಮಾಣವಾಗದು.

ಮೊದಲು ಹೊಸತನದ ಪ್ರಶ್ನೆಯನ್ನು ನೋಡೋಣ. ಭಾರತೀಯ ಪ್ರಮಾಣಶಾಸ್ತ್ರದಲ್ಲಿ, ಎಂದರೆ ಯಾವುದು ಸರಿಯಾದ ಜ್ಞಾನ ಮತ್ತು ಅದು ಯಾವ ಸಾಧನದಿಂದ ಬರುತ್ತದೆ ಎಂಬ ವಿಚಾರದಲ್ಲಿ, ಭಾಟ್ಟ ಮೀಮಾಂಸಕರು ಪ್ರಮಾಣಕ್ಕೆ ‘ಅನಧಿಗತತ್ವ’ವೆಂಬ ನಿಬಂಧನೆಯನ್ನು ಹಾಕಿದರು: ಹಿಂದೆ ತಿಳಿಯದಿದ್ದುದನ್ನು ತಿಳಿಸಿದರೆ ಮಾತ್ರ ಅದು ಪ್ರಮಾಣ. ಒಂಬತ್ತನೆಯ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತಭಟ್ಟ ತನ್ನ ‘ನ್ಯಾಯಮಂಜರಿ’ಯಲ್ಲಿ ಈ ನಿಬಂಧನೆಯನ್ನು ತಳ್ಳಿಹಾಕಿ, ಕಂಡದ್ದನ್ನೇ ಮತ್ತೆ ಕಂಡರೂ ಆ ಕಾಣುವಿಕೆಯ ಯಥಾರ್ಥತೆಗೆ ಕುಂದಿಲ್ಲವೆಂದು ವಾದಿಸಿದನು; ಹೊಸ ವಸ್ತುವನ್ನು ಕಲ್ಪಿಸುವ ಶಕ್ತಿ ತನಗಿಲ್ಲವೆಂದೂ ಮಾತಿನ ಜೋಡಣೆಯ ವೈಚಿತ್ರ್ಯವನ್ನಷ್ಟೇ ಪರಿಶೀಲಿಸಬೇಕೆಂದೂ ಅದೇ ಗ್ರಂಥದ ಆರಂಭದಲ್ಲಿ ಅರಿಕೆ ಮಾಡಿಕೊಂಡನು. ಅದೇ ಶತಮಾನದ ಆಲಂಕಾರಿಕ ಆನಂದವರ್ಧನನೂ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಕವಿಗಳು ಹಿಂದೆ ಬಳಸಿದ ವಸ್ತುವೇ ಧ್ವನಿ ಮತ್ತು ರಸಗಳ ಸಂಬಂಧದಿಂದ ಹೊಸದಾಗುತ್ತದೆಂದು ಪ್ರತಿಪಾದಿಸುತ್ತಾನೆ. ನಕ್ಷೆಯನ್ನು ಅಳೆಯುವ ಕೊಳ್ಳುಗನು ತನಗರಿವಿಲ್ಲದೆಯೇ ಮೀಮಾಂಸಕರ ಪಕ್ಷ ಹಿಡಿದಿರುತ್ತಾನೆ. ಉತ್ತರಭಾಗವೆಂಬ ಕೃತಿಪ್ರಕಾರಕ್ಕೆ ನೆಲೆ ದೊರೆಯುವುದು ಮಾತ್ರ ಎದುರು ಪಕ್ಷದಲ್ಲಿ.

ಏಕೆಂದರೆ ಉತ್ತರಭಾಗವು ಕೊಡಬಲ್ಲ ಒಂದು ಅನುಭವವನ್ನು ಮೊದಲ ಭಾಗವು ಕೊಡಲಾರದು. ಕಣ್ಣೆದುರಿನ ಪ್ರತ್ಯಕ್ಷವೂ ಹಿಂದಿನ ಸ್ಮರಣೆಯೂ ಕೂಡಿ ‘ಇದು ಅದೇ’ ಎಂದು ಹೊಳೆಯುವ ಜ್ಞಾನವನ್ನು ದಾರ್ಶನಿಕರು ಪ್ರತ್ಯಭಿಜ್ಞೆ ಎಂದು ಕರೆದರು. ಮೊದಲ ಆಟದಲ್ಲಿ ಬೆಟ್ಟವೆಂದರೆ ಹೊರಮೈಯನ್ನು ಕೈಯೂರಿ ಹತ್ತಬೇಕಾದದ್ದು. ತ್ರಾಣದ ಚಕ್ರ ಬರಿದಾದರೆ ಲಿಂಕ್ ಕೆಳಗೆ ಬೀಳುತ್ತಾನೆ, ಮಳೆ ಬಂದರೆ ಬಂಡೆಯ ಮೇಲೆ ಕೈಕಾಲು ಜಾರುತ್ತದೆ. ಎರಡನೆಯದರಲ್ಲಿ ‘ಅಸೆಂಡ್’ ಎಂಬ ಸಾಮರ್ಥ್ಯವುಳ್ಳ ಅದೇ ಲಿಂಕ್ ಅದೇ ಬೆಟ್ಟದೊಳಗಿನ ಗುಹೆಯಲ್ಲಿ ನಿಂತು, ಮೇಲ್ಛಾವಣಿಯ ಕಲ್ಲನ್ನು ಹೊಕ್ಕು, ಮೇಲಿನ ನೆಲದಿಂದ ತಲೆಯನ್ನಷ್ಟೇ ಹೊರಚಾಚಿ ಸುತ್ತ ನೋಡಿ, ಹೊರಬರಬೇಕೋ ಹಿಂದಿರುಗಬೇಕೋ ಎಂದು ಯೋಚಿಸುವಷ್ಟು ಹೊತ್ತು ನಿಲ್ಲಬಲ್ಲನು. ತಯಾರಕರು ಪರೀಕ್ಷೆಯ ವೇಳೆ ಗುಹೆಗಳಿಂದ ಬೇಗ ಹೊರಬರಲು ತಮಗಾಗಿ ಮಾಡಿಕೊಂಡಿದ್ದ ಉಪಾಯವೇ ಹೀಗೆ ಆಟಗಾರನ ಪಾಲಿಗೆ ಬಂದಿತು. ನೆಲದಡಿಯಲ್ಲಿ ಸೇರಿಸಿರುವ ಕತ್ತಲ ಲೋಕವು ಮೇಲಿನ ನಾಡಿಗೆ ತಲೆಕೆಳಗಾದ ಪಡಿಯಚ್ಚು. ಮೇಲೆ ಬೆಟ್ಟವಿದ್ದಲ್ಲಿ ಕೆಳಗೆ ತಗ್ಗು, ಮೇಲೆ ಗುಡಿಯಿದ್ದಲ್ಲಿ ನೇರ ಕೆಳಗೆ ಬೆಳಕಿನ ಬೇರು. ಆದ್ದರಿಂದ ಹಳೆಯ ನಾಡನ್ನು ಬಲ್ಲವನಿಗೆ ಆ ತಿಳಿವಳಿಕೆಯೇ ಕತ್ತಲಲ್ಲಿ ದಾರಿ ತೋರುತ್ತದೆ. ಇಲ್ಲಿ ಹಳೆಯದು ಉಳಿದದ್ದು ಮಿತವ್ಯಯಕ್ಕಾಗಿ ಮಾತ್ರವೆನ್ನಲಾಗದು. ಅದು ಉಳಿಯದಿದ್ದರೆ ಹೊಸ ಅನುಭವಕ್ಕೆ ಆಧಾರವೇ ಇರುತ್ತಿರಲಿಲ್ಲ.

ಆದರೆ ಹಳೆಯದು ಉಳಿದ ಮಾತ್ರಕ್ಕೆ ಹೊಸತನ ಹುಟ್ಟುವುದಿಲ್ಲ. ಕಾಲ್ಚೆಂಡಾಟದ ‘ಫಿಫಾ 20’ 2019ರಲ್ಲಿ ಸ್ವಿಚ್ ಯಂತ್ರಕ್ಕೆ ‘ಲೆಗಸಿ ಎಡಿಷನ್’ ಎಂಬ ಹೆಸರಿನಲ್ಲಿ ಬಂದಾಗ, ಆಡುವ ಬಗೆ ಹಿಂದಿನ ವರ್ಷದ ‘ಫಿಫಾ 19’ರದ್ದೇ, ತಂಡಗಳೂ ಉಡುಪುಗಳೂ ಮಾತ್ರ ಈ ವರ್ಷದವು ಎಂದು ಪ್ರಕಾಶಕ ಸಂಸ್ಥೆಯೇ ತಿಳಿಸಿತ್ತು. ಎಣಿಕೆಯ ಪ್ರಕಾರ ಇಲ್ಲಿಯೂ ನೂರಾರು ಅಂಶಗಳು ಹೊಸವು. ಆದರೆ ಅವು ಹಳೆಯದರ ಪಕ್ಕದಲ್ಲಿ ಕುಳಿತಿವೆಯೇ ಹೊರತು ಅದರ ಅರ್ಥವನ್ನು ಬದಲಿಸಿಲ್ಲ.

ಇಷ್ಟರಿಂದ ಮೌಲ್ಯದ ಪ್ರಶ್ನೆ ಬಗೆಹರಿದರೂ ಬೆಲೆಯ ಪ್ರಶ್ನೆ ಉಳಿಯುತ್ತದೆ. ಹದಿಮೂರನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ ನ್ಯಾಯಬೆಲೆಯನ್ನು, ಎಂದರೆ ಕೊಡುವವನಿಗೂ ಕೊಳ್ಳುವವನಿಗೂ ಅನ್ಯಾಯವಾಗದ ಸಮತೆಯನ್ನು, ವಿಚಾರಿಸುವಾಗ ಒಂದು ಸೂಕ್ಷ್ಮ ಭೇದವನ್ನು ಮಾಡುತ್ತಾನೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ವಿಶೇಷ ನಷ್ಟವಾಗುವುದಾದರೆ ಅವನು ಹೆಚ್ಚು ಕೇಳಬಹುದು. ಅವನಿಗೆ ನಷ್ಟವಿಲ್ಲದೆ, ಕೊಳ್ಳುವವನ ಪರಿಸ್ಥಿತಿಯಿಂದಾಗಿ ಮಾತ್ರ ಆ ವಸ್ತು ಅತಿ ಪ್ರಯೋಜನಕರವಾಗಿದ್ದರೆ, ಆ ಪ್ರಯೋಜನಕ್ಕೆಂದು ಬೆಲೆ ಏರಿಸುವುದು ತನ್ನದಲ್ಲದ್ದನ್ನು ಮಾರಿದಂತೆ. ಒಂದು ಪ್ರತಿ ಹೆಚ್ಚು ಮಾರಾಟವಾದರೆ ಏನನ್ನೂ ಕಳೆದುಕೊಳ್ಳದ ವಿಡಿಯೋ ಗೇಮಿನ ವ್ಯಾಪಾರಕ್ಕೆ ಈ ಮಾತು ವಿಶೇಷವಾಗಿ ತಗಲುತ್ತದೆ.

ಮೇಲೆ ಹೇಳಿದ ಪ್ರತ್ಯಭಿಜ್ಞೆಯ ಅರ್ಧಾಂಶವಾದ ಸ್ಮರಣೆ ಕೊಳ್ಳುಗನ ಸ್ವಂತ ಆಸ್ತಿ. ಮೊದಲ ಆಟಕ್ಕೆ ಹಣ ತೆತ್ತು, ಅನೇಕ ಸಂಜೆಗಳನ್ನು ಕಳೆದು, ಆ ಬೆಟ್ಟಗಳನ್ನು ಹತ್ತಿ ಜಾರಿ ಅವನೇ ಗಳಿಸಿದ ಆ ಅಕ್ಕರೆಯನ್ನು ಅವನಿಗೇ ಮತ್ತೆ ಮಾರುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ಪರಿಚಿತ ಹೆಸರು, ಪರಿಚಿತ ಮುಖ, ಪರಿಚಿತ ಸಂಗೀತಗಳನ್ನು ತೋರಿಸಿ ಕೊಳ್ಳುಗನ ಹಂಬಲವನ್ನಷ್ಟೇ ನೆಚ್ಚುವ ಉತ್ತರಭಾಗವು ಅಕ್ವಿನಾಸನ ಕಟ್ಟಳೆಯಲ್ಲಿ ಸೋಲುತ್ತದೆ. ಆ ಸ್ಮರಣೆಯ ಮೇಲೆ ತಯಾರಕರು ನಡೆಸಿದ ಕೆಲಸ ಮಾತ್ರ ಅವರದು. ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಬಹುಮಟ್ಟಿಗೆ ಸಿದ್ಧವಾದ ಮೇಲೂ, ಆಟಗಾರರು ಹಲಗೆ, ಚಕ್ರಗಳನ್ನು ಹೇಗೆ ಅಂಟಿಸಿ ಏನು ಕಟ್ಟಿದರೂ ಅದು ನಿಯಮದಂತೆ ಚಲಿಸುವ ಹಾಗೆ ತಿದ್ದಲು ಇನ್ನೊಂದು ವರ್ಷ ಹಿಡಿಯಿತು. ಯಾವ ನಕ್ಷೆಯಲ್ಲೂ ಕಾಣದ ಈ ದುಡಿಮೆಗೆ ಪೂರ್ಣ ಬೆಲೆ ಕೇಳುವುದು ಅನ್ಯಾಯವಲ್ಲ. ಹಾಗಾದರೆ ನಿರ್ಣಯದ ಸೂತ್ರವಿಷ್ಟು: ಕೊಳ್ಳುಗನು ಮೊದಲೇ ಹೊಂದಿರುವುದನ್ನು ಲೆಕ್ಕದಿಂದ ಕಳೆದು, ಅದನ್ನು ಬೇರೆಯಾಗಿ ಕಾಣಿಸಲು ತಯಾರಕರು ಪಟ್ಟ ಶ್ರಮವನ್ನು ಕೂಡಿದಾಗ ಉಳಿಯುವುದಕ್ಕೆ ಬೆಲೆ ಸಲ್ಲಬೇಕು, ಆ ಶ್ರಮವಿಲ್ಲದೆಡೆ ರಿಯಾಯಿತಿ ಕೊಡುವುದು ಮಾರುವವನ ಔದಾರ್ಯವಾಗದೆ ಕರ್ತವ್ಯವಾಗುತ್ತದೆ.