ಹಣ ಕೈಸೇರುವ ಮುನ್ನ ರುಜು

ಸಹೋದರರೇ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದುಡಿದವನಿಗೆ, ಸಾಮಗ್ರಿ ಒದಗಿಸಿದವನಿಗೆ ಬಾಕಿ ಸಿಗದಿದ್ದರೆ ಕಟ್ಟಿದ ಆಸ್ತಿಯ ಮೇಲೆಯೇ ಹಕ್ಕು ಸಾಧಿಸಬಹುದು. ಅದಕ್ಕೆ 'ಲೀನ್' ಎನ್ನುತ್ತಾರೆ. ಕೆಲಸದ ನಡುವೆ ಕಂತು ಕೊಡುವಾಗ ಮಾಲಿಕನು ಆ ಕಂತಿನ ಮಟ್ಟಿಗೆ ಹಕ್ಕು ಬಿಟ್ಟ ಪತ್ರ ಕೇಳುತ್ತಾನೆ. ಕೇಳುವುದು ತಪ್ಪಲ್ಲ, ಒಂದೇ ಕೆಲಸಕ್ಕೆ ಎರಡು ಸಲ ಕೊಡಬೇಕಾದೀತೆಂಬ ಭಯ ಅವನಿಗೂ ಇದೆ.

ಆ ಪತ್ರಗಳಲ್ಲಿ ಎರಡು ಬಗೆ. ಷರತ್ತಿನ ಪತ್ರವು ಹಣ ಕೈಸೇರಿದ ಮೇಲಷ್ಟೇ ಜಾರಿಗೆ ಬರುತ್ತದೆ. ಷರತ್ತಿಲ್ಲದ ಪತ್ರಕ್ಕೆ ರುಜು ಬಿದ್ದರೆ, ಹಣ ಬಾರದಿದ್ದರೂ ಅದು ರುಜು ಹಾಕಿದವನನ್ನು ಕಟ್ಟಿಹಾಕುತ್ತದೆ. ಕಾನೂನು ಈ ಎಚ್ಚರಿಕೆಯನ್ನು ಪತ್ರದಲ್ಲೇ ಬರೆಸಿದೆ.

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಸಾಲವನ್ನು ಬರೆದಿಡಲು ಆದೇಶಿಸುವಾಗ, ಬರೆಸುವ ಹೊಣೆಯನ್ನು ಕೊಡಬೇಕಾದವನಿಗೇ ವಹಿಸಿದೆ; ಅಲ್ಲಾಹನ ಭಯವಿಟ್ಟು, ಏನನ್ನೂ ಕಡಿತ ಮಾಡದೆ. ಕೊಡದ ಹಣವನ್ನು 'ಬಂದಿದೆ' ಎಂದು ಗುತ್ತಿಗೆದಾರನಿಂದ ರುಜು ಹಾಕಿಸಿಕೊಳ್ಳುವವನು ಬರೆಸುತ್ತಿರುವುದೇನು? ಮುಂದಿನ ಕೆಲಸ ತಪ್ಪೀತೆಂದು ಆ ಬಡಪಾಯಿ ರುಜು ಹಾಕಿಯೂ ಹಾಕುತ್ತಾನೆ. ಅವನ ಕೈಕೆಳಗಿನ ಕೂಲಿಗಳ ಬೆವರು ಆಗಲೇ ಆರಿರುತ್ತದೆ.