ಗ್ರಹಣದ ಮೇಲೆ ಹೊರಿಸಿದ್ದು

ಕೌಜಲಗಿ ಕಡೆ ತುಟಿ ಸೀಳಿದ ಕೂಸು ಹುಟ್ಟಿದರೆ ಹಿರಿಯರ ಮೊದಲ ಪ್ರಶ್ನೆ, "ಗ್ರಹಣದಾಗ ಹೊರಗ ಹೋಗಿದ್ದೇನು?" ಅಲ್ಲಿಗೆ ವಿಚಾರಣೆ ಮುಗಿಯಿತು, ತಪ್ಪು ತಾಯಿಯದು. ಎಲ್ಲ ದೋಷಕ್ಕೂ ಔಷಧವೇ ಕಾರಣವೆಂದಲ್ಲ. ಆದರೆ ಮುಟ್ಟು ತಪ್ಪಿದ ಹೊಸದರಲ್ಲಿ ಯಾವ ಗುಳಿಗೆ ನುಂಗಿದ್ದೆ ಎಂದು ಯಾರೂ ಕೇಳುವುದಿಲ್ಲ.

ಬಸಿರು ಹೌದೋ ಅಲ್ಲವೋ ತಿಳಿಯಲು ಹಾರ್ಮೋನನ್ನೇ ನುಂಗಿಸುತ್ತಿದ್ದ ಕಾಲವೊಂದಿತ್ತು. ಬ್ರಿಟನ್ನಿನಲ್ಲಿ ಅದು ಪ್ರಿಮೊಡೋಸ್, ಜರ್ಮನಿಯಲ್ಲಿ ಡುವೊಗೈನಾನ್, ನಮ್ಮಲ್ಲಿ ಇ.ಪಿ. ಫೋರ್ಟ್ ಬಗೆಯ ಔಷಧಗಳು. ಕೆಲವು ದಿನಗಳಲ್ಲಿ ರಕ್ತ ಕಂಡರೆ ಬಸಿರಿಲ್ಲ, ಕಾಣದಿದ್ದರೆ ಬಸಿರು. ಅಂದರೆ ಹೌದೆಂಬ ಉತ್ತರ ಸಿಗುವ ಹೊತ್ತಿಗೆ ಔಷಧ ಗರ್ಭಿಣಿಯ ಮೈ ಸೇರಿಯಾಗಿತ್ತು. ಕೂಸಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28ನೇ ದಿನ, ಮುಟ್ಟು ತಪ್ಪಿ ಎರಡು ವಾರಕ್ಕೆ. ಪರೀಕ್ಷೆಗೆ ಹೆಣ್ಣುಮಕ್ಕಳು ಬರುತ್ತಿದ್ದುದೂ ಹೆಚ್ಚುಕಡಿಮೆ ಆಗಲೇ. ನಮ್ಮಲ್ಲಿ ಬಸಿರು ಇಳಿಯುತ್ತದೆಂದು ನಂಬಿ ನುಂಗಿದವರೂ ಇದ್ದರು. ಇಳಿಯದೆ ಉಳಿದದ್ದರ ಗತಿ ಯಾರು ಬರೆದಿಟ್ಟರು?

1967ರಲ್ಲಿ ಲಂಡನ್ ಬಳಿಯ ಮಕ್ಕಳ ವೈದ್ಯೆ ಇಸಬೆಲ್ ಗಾಲ್ ಒಂದು ಲೆಕ್ಕ ಮುಂದಿಟ್ಟರು. ಬೆನ್ನುಹುರಿ ದೋಷದ ಮಕ್ಕಳ 100 ತಾಯಂದಿರಲ್ಲಿ 19 ಮಂದಿ ಈ ಪರೀಕ್ಷೆಗೆ ಒಳಗಾಗಿದ್ದರು. ದೋಷವಿಲ್ಲದ ಮಕ್ಕಳ 100 ತಾಯಂದಿರಲ್ಲಿ ನಾಲ್ವರು. ಬ್ರಿಟನ್ನಿನಲ್ಲಿ ಆ ಗುಳಿಗೆ ಮಾರುಕಟ್ಟೆ ಬಿಟ್ಟದ್ದು 1978ರಲ್ಲಿ. ಭಾರತ 1982ರಲ್ಲಿ ನಿಷೇಧಿಸಿತು. ಕಂಪನಿಗಳು ಹೈಕೋರ್ಟುಗಳಿಂದ ತಡೆಯಾಜ್ಞೆ ತಂದು ಮಾರುತ್ತಲೇ ಇದ್ದವು. ಕಡೆಗೆ ಸುಪ್ರೀಂ ಕೋರ್ಟ್ ಸಾರ್ವಜನಿಕ ವಿಚಾರಣೆಗೆ ಸೂಚಿಸಬೇಕಾಯಿತು.

ಗುಳಿಗೆಯೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. 2017ರಲ್ಲಿ ಬ್ರಿಟಿಷ್ ತಜ್ಞರ ಸಮಿತಿ ಪುರಾವೆ ಸಾಲದೆಂದಿತು. ಮರುವರ್ಷ ಆಕ್ಸ್‌ಫರ್ಡ್ ಸಂಶೋಧಕರು ನಂಟು ಕಾಣುತ್ತದೆಂದರು. ನನಗೆ ಈ ವಾದವೇ ದಾರಿ ತಪ್ಪಿಸುವಂಥದ್ದು ಅನ್ನಿಸುತ್ತದೆ. ಪರೀಕ್ಷೆಗೆಂದು ನುಂಗಿದ ಆ ಗುಳಿಗೆ ಯಾವ ರೋಗವನ್ನೂ ವಾಸಿ ಮಾಡುತ್ತಿರಲಿಲ್ಲ, ಮೂತ್ರ ಪರೀಕ್ಷೆ 1960ರ ದಶಕದಲ್ಲೇ ಇತ್ತು. ಲಾಭವೇ ಇಲ್ಲದಲ್ಲಿ ಅಪಾಯ ಎಷ್ಟಿದ್ದರೆ ಸೈ ಎಂದು ಅಳೆಯುವುದೇಕೆ? ಅನುಮಾನವೇ ಸಾಕಿತ್ತು.

ಆ ಗುಳಿಗೆಯಲ್ಲಿದ್ದ ಹಾರ್ಮೋನು ನಾರ್‌ಎಥಿಸ್ಟೆರೋನ್ ಇಂದಿಗೂ ಇದೆ: ಮದುವೆಗೆ, ಎಲ್ಲಮ್ಮನ ಗುಡ್ಡದ ಜಾತ್ರೆಗೆ 'ಮುಟ್ಟು ಮುಂದ ಹಾಕೂ ಗುಳಿಗಿ'ಯಾಗಿ. ಬೇರೆ ಉದ್ದೇಶ, ಬೇರೆ ಪ್ರಮಾಣ, ನಿಜ. ಆದರೂ ಬಸಿರೇ ಎಂದು ನೋಡಿಕೊಳ್ಳದೆ ನುಂಗುವವರಿದ್ದಾರೆ, ಏನೂ ಕೇಳದೆ ಕೊಡುವ ಅಂಗಡಿಗಳೂ ಇವೆ. ಆಶಾ ಕಾರ್ಯಕರ್ತೆಯರ ಮೂಲಕ 'ನಿಶ್ಚಯ' ಬಸಿರು ಪರೀಕ್ಷೆಯ ಕಿಟ್ ಉಚಿತವಾಗಿ ಸಿಗುವಂತೆ ಸರಕಾರವೇ ಮಾಡಿದೆ. ತಿಂಗಳು ತಪ್ಪಿದ್ದರೆ ಗುಳಿಗೆಗೆ ಮೊದಲು ಅದನ್ನು ಕೇಳಿ ಪಡೆಯಿರಿ.