ತಬರನ ತಗ್ಗಿದ ದನಿ

ದಾವಣಗೆರೆಯ ಕಿವಿ ಕಂಪನಿ ನಾಟಕದಲ್ಲಿ ಪಳಗಿದ ಕಿವಿ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ದುಃಖವೆಂದರೆ ಅಲ್ಲಿ ಕಟ್ಟಕಡೆಯ ಸಾಲಿಗೂ ಮುಟ್ಟಬೇಕು. ಮುಟ್ಟದಿದ್ದರೆ ನಟನೇ ಸೋತಂತೆ. ಹೀಗೆ ಬೆಳೆದ ನನಗೆ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯ ಮೇಲೆ ಬಹುಕಾಲ ಇದ್ದದ್ದು ಗೌರವ, ಪ್ರೀತಿಯಲ್ಲ. 1986ರ ಚಿತ್ರ, ಸ್ವರ್ಣಕಮಲ ಬಂದಿದೆ, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ, ಒಳ್ಳೆಯದೇ ಇರಬೇಕು ಎಂಬಷ್ಟು.

ಹರಿಹರದಲ್ಲಿ ಸೋದರಮಾವನ ಜೊತೆ ಕೂತು ಅದನ್ನು ಮತ್ತೆ ನೋಡಿದೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಪಿಂಚಣಿಗಾಗಿ ತಬರ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ. ನಾನು ತಬರನ ಮುಖ ನೋಡುತ್ತಿದ್ದರೆ ಮಾವ ಮೇಜಿನಾಚೆ ಕೂತವರನ್ನು ನೋಡುತ್ತಿದ್ದರು. ಮುಷ್ಟಿಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗದೆ ಹಾಗೇ ನಿಂತಿತ್ತು. “ಇವರೇನು ಅಂಥಾ ಕೆಟ್ಟೋರಲ್ಲ ನೋಡು. ಅದಕ್ಕೇ ಬೈಯಾಕೂ ಬರಂಗಿಲ್ಲ” ಎಂದರು.

ವಾಸ್ತವ ಚಿತ್ರವೆಂದರೆ ಬಡತನ, ನಿಧಾನ, ಮೌನ ಎಂದೇ ನಾನು ತಿಳಿದಿದ್ದೆ. ಮಾವನ ಮಾತು ಬೇರೊಂದನ್ನು ಕಾಣಿಸಿತು. ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿದ ಈ ಚಿತ್ರ ನಮಗೆ ಒಬ್ಬ ಖಳನನ್ನು ಒದಗಿಸುವುದಿಲ್ಲ. ಖಳನಿದ್ದರೆ ಸಿಟ್ಟನ್ನೆಲ್ಲ ಅವನ ತಲೆಗೆ ಕಟ್ಟಿ ಹಗುರಾಗಿ ಮನೆಗೆ ಹೋಗಬಹುದಿತ್ತು. ಇಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಕಡತವನ್ನು ಮುಂದಕ್ಕೆ ತಳ್ಳುತ್ತಾನೆ, ಅಷ್ಟೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತದೆ. ಆ ಕಾಲು ಕಡಿದುಕೊಡೆಂದು ತಬರ ಕಟುಕನನ್ನು ಬೇಡುವ ಘಟ್ಟ ಬರುತ್ತದೆ. ಕಂಪನಿ ನಾಟಕದಲ್ಲಾದರೆ ಅದು ಇಡೀ ರಾತ್ರಿಯ ತುತ್ತತುದಿ. ಇಲ್ಲಿ ಅದು ಕಷ್ಟದಲ್ಲಿದ್ದವನ ಒಂದು ಲೆಕ್ಕಾಚಾರದಂತೆ ಬಂದುಹೋಗುತ್ತದೆ. ಅದೇ ಹೆಚ್ಚು ಸುಡುತ್ತದೆ.

ಹಾಗೆಂದು ಗಟ್ಟಿ ದನಿಯ ಕಲೆಯನ್ನು ಹಳಿಯಲಾರೆ. ಜನ ಕಿಕ್ಕಿರಿದ ಚಪ್ಪರದಲ್ಲಿ ಹಾಡಿ ಅತ್ತ ಆ ನಟರ ಗಂಟಲು ಸುಳ್ಳಾಡಲಿಲ್ಲ, ನೋಡುವವರು ದೂರವಿದ್ದರು. ಕ್ಯಾಮೆರಾ ನಮ್ಮನ್ನು ಮೊಳದಷ್ಟು ಹತ್ತಿರ ಕೂರಿಸುತ್ತದೆ. ಅಷ್ಟು ಹತ್ತಿರವಿದ್ದೂ ಕೂಗಿ ಹೇಳೆಂದು ನಾನು ಬಯಸುತ್ತಿದ್ದೆನಲ್ಲ, ಅದು ಯಾಕೆ? ಅತ್ತ ಮಗುವಿಗೆ ಮಾತ್ರ ಹಾಲು ಎಂಬ ನಮ್ಮ ಕಚೇರಿಗಳ ನ್ಯಾಯವೇ ನನ್ನ ರಸಿಕತೆಯೊಳಗೂ ನುಸುಳಿತ್ತೇನೋ. ತಬರ ತಗ್ಗಿದ ದನಿಯಲ್ಲಿ ಬೇಡಿದಷ್ಟು ದಿನ ಯಾರಿಗೂ ಕೇಳಿಸಲಿಲ್ಲ. ಹೆಂಡತಿ ಸತ್ತ ಮೇಲೆ ದನಿ ಎತ್ತಿದ; ಆಗ ಹುಚ್ಚನೆಂದರು. ನಡುವೆ ಅವನು ಯಾವ ಸ್ಥಾಯಿಯಲ್ಲಿ ಮಾತಾಡಬೇಕಿತ್ತು?

ಮಾವನಿಗೆ ನನ್ನ ಈ ಜಿಜ್ಞಾಸೆಯಲ್ಲಿ ಆಸಕ್ತಿಯಿಲ್ಲ. ಕೊಟ್ಟ ಪ್ರತಿ ಅರ್ಜಿಗೂ ತಬರ ಸೀಲು ಹಾಕಿಸಿ ಸ್ವೀಕೃತಿ ಬರೆಸಿಕೊಳ್ಳಬೇಕಿತ್ತು ಎಂಬುದೊಂದೇ ಅವರ ವಾದ.